ಅಂದ್ರಸ್ತೆಯ ಮೊಲ

"ಬಿಡಮ್ಮಾ ಬೇಗ, ನಿಂತೂ ನಿಂತೂ ಮಂಡಿ ಹಿಡ್ಕೊಂಡ್ಬಿಡ್ತು," ಎಂದ ಊರ ಹಿರಿಯ ಡೋಕ್ಕ, ಈಟಿಯನ್ನು ಊರುಗೋಲಿನಂತೆ ಊರಿಕೊಂಡು.

ಅವನ ಹಿಂದೆ ಗಂಡಸರೆಲ್ಲ ಮುಖಕ್ಕೆ ಕಾಳಗದ ನೀಲಿ ಬಣ್ಣ ಬಳಿದುಕೊಂಡು ಕಾಯುತ್ತಿದ್ದರು. ಹೊಳೆಯಾಚೆಯವರು ಊರ ಹೋರಿಯನ್ನು ಹೊಡೆದುಕೊಂಡು ಹೋಗಿದ್ದರು. ಕಾದಾಡಿಯೇ ತರುತ್ತೇವೆಂದು ನಿನ್ನೆ ಮದ್ಯದ ಅಮಲಿನಲ್ಲಿ ಆಣೆಯಾಗಿತ್ತು.

ಎದುರಿಗೆ ಕೂತಿದ್ದ ಸೆನೋವರಾಳ ಮಡಿಲಲ್ಲಿದ್ದದ್ದು ಗೆಲುವಿನ ದೇವತೆ ಅಂದ್ರಸ್ತೆ ತಾಯಿಯ ಮೊಲ. ಬಲಕ್ಕೆ ಓಡಿದರೆ ಗೆಲುವು, ಎಡಕ್ಕೆ ಓಡಿದರೆ ಎಲ್ಲರೂ ವಾಪಸ್ ಮನೆಗೆ. ಅದನ್ನು ತಿನ್ನುವ ಮಾತಿರಲಿ, ಗದರುವವರೂ ಇರಲಿಲ್ಲ. ಚಳಿಗಾಲವಿಡೀ ಸಾಕಿದವಳು ಅವಳೇ. ಅವಳ ಕಣ್ಣು ಮಾತ್ರ ಗಂಡ ಲೊಸ್ಸಿಯೊನ ಮೇಲಿತ್ತು. ಕುದುರೆಯಿಂದ ಬಿದ್ದು ಮುರಿದಿದ್ದ ಅವನ ಪಕ್ಕೆಲುಬು ಈಗಷ್ಟೇ ಕೂಡಿತ್ತು. ಗುರಾಣಿ ಎತ್ತಿದರೆ ತುಟಿ ಕಚ್ಚುತ್ತಿದ್ದ.

ಮಡಿಲು ಬಿಚ್ಚಿದಳು. ಮೊಲ ಬಲಕ್ಕೇ ನೆಗೆಯಿತು. "ಹೋ!" ಎಂದು ಕೂಗೆದ್ದಿತು. ಲೊಸ್ಸಿಯೊ ಗುರಾಣಿಗೆ ಕೈ ಹಾಕಿದ. ಅಷ್ಟರಲ್ಲಿ ಮೊಲ ನಿಂತು, ಕಿವಿ ನಿಮಿರಿಸಿ, ಸರ್ರನೆ ತಿರುಗಿ ಓಡಿಬಂದು ಅವಳ ಮಡಿಲಿಗೇ ಹಾರಿ ಮೂತಿ ಹುದುಗಿಸಿತು. ಬೆಳಗ್ಗೆ ಮೇವು ಕೊಟ್ಟಾಗ ಉಳಿದ ಜವೆಗೋಧಿ ಕಾಳು ಬಟ್ಟೆಯ ಮಡಿಕೆಯಲ್ಲೇ ಇದೆಯೆಂದು ಅವಳಿಗೆ ಆಗ ಹೊಳೆಯಿತು. ಯಾರಿಗೂ ಕಾಣದಂತೆ ಕೈಯನ್ನು ಮೆಲ್ಲಗೆ ಅಡ್ಡ ಹಿಡಿದಳು.

"ಇದ್ಯಾವ ಶಕುನ?" ಎಂದು ಡೋಕ್ಕ ಹುಬ್ಬೇರಿಸಿದ.

"ಇನ್ನೊಂದ್ಸಲ ಬಿಡಿ!" ಎಂದು ಯಾರೋ ಕೂಗಿದರು.

"ದೇವರನ್ನ ಎರಡೆರಡು ಸಲ ಕೇಳ್ತಾರೇನಪ್ಪಾ?" ಎಂದಳು ಸೆನೋವರಾ. "ಹೊರಟ ತಾಯಿಯೇ ವಾಪಸ್ ಬಂದು ಕೂತವ್ಳೆ. ಅವಳನ್ನ ಇಲ್ಲೇ ಬಿಟ್ಟು ನೀವು ಮುಂದೆ ಹೋಗ್ತೀರಾ?"

ಲೊಸ್ಸಿಯೊಗೆ ನಗು ಬಂತು. ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡ.

"ನಾನೇನು ಹುಚ್ಚನಾ?" ಎಂದ ಡೋಕ್ಕ. "ನಾಳೆ ಒಂದು ಪೀಪಾಯಿ ಮದ್ಯ ಹೊತ್ಕೊಂಡು ಹೋಗಿ ಮಾತಾಡೋಣ. ಆಚೆಯೋರೂ ಕುಡಿಯೋ ಜನವೇ."

ಗಂಡಸರು ನೀಲಿ ಒರೆಸಿಕೊಳ್ಳುತ್ತ, ಒಬ್ಬರ ಮುಖ ಕಂಡು ಒಬ್ಬರು ನಗುತ್ತ ಚದುರಿದರು. ಸೆನೋವರಾ ಮೊಲವನ್ನೆತ್ತಿಕೊಂಡು ಎದ್ದು ನಿಂತಾಗ ಮಡಿಲಿನಿಂದ ನಾಲ್ಕು ಕಾಳು ಹುಲ್ಲಿನ ಮೇಲೆ ಉದುರಿದವು. ಡೋಕ್ಕ ಅವನ್ನು ನೋಡಿದ. ಅವಳನ್ನೂ ನೋಡಿದ. ಆಮೇಲೆ ಈಟಿಯನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಬಗ್ಗಿ, ಕಾಳುಗಳನ್ನು ಒಂದೊಂದಾಗಿ ಹೆಕ್ಕಿ, ಅಂಗೈಯನ್ನು ಮೊಲದ ಮೂತಿಯ ಬಳಿ ಹಿಡಿದ.