ತಾಡಪತ್ರಿ ತಾತ

ಮೆಹರುನಬಿಯ ಮಗ ಮರ್ದಾನಸಾಬ ಬದುಕಿದ್ದಾಗ ಮಾಡಿದ್ದು ಒಂದೇ ಪವಾಡ: ಗಣಿತದಲ್ಲಿ ಪಾಸಾಗಿದ್ದು, ಅದೂ ಎರಡನೇ ಸಲಕ್ಕೆ. ಅಂಥವನು ಸತ್ತು ಕಾಲು ಶತಮಾನ ಕಳೆದ ಮೇಲೆ ಕುಷ್ಟಗಿ ರಸ್ತೆಯ ಸರ್ಕಲ್ಲಿನಲ್ಲಿ ನಿಂತುಕೊಂಡು ಮಕ್ಕಳಿಲ್ಲದವರಿಗೆ ಮಕ್ಕಳನ್ನೂ ಕೆಟ್ಟು ನಿಂತ ಬೋರ್‌ವೆಲ್ಲಿಗೆ ನೀರನ್ನೂ ಕೊಡತೊಡಗಿದ. ಎದುರಿಗೆ ಮಿರ್ಚಿ ಬಂಡಿ ಇಟ್ಟುಕೊಂಡಿದ್ದ ಮೆಹರುನಬಿಗೆ ಇದನ್ನೆಲ್ಲ ನೋಡಿ ನಗು ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಆದದ್ದು ಇಷ್ಟು. ಈ ಊರಿನ ಮರ್ದಾನಸಾಬ, ಬೇವೂರಿನ ಪಾರ್ವತೆಮ್ಮನ ಮಗ ಕಲ್ಲೇಶ, ಇಬ್ಬರೂ ಕಾರ್ಗಿಲ್ ಯುದ್ಧದಲ್ಲಿ ಸತ್ತವರು. ಇಷ್ಟು ವರ್ಷ ಅವರ ಸುದ್ದಿ ಎತ್ತದ ಊರಿಗೆ ಇದ್ದಕ್ಕಿದ್ದಂತೆ ಅವರ ನೆನಪು ಒತ್ತರಿಸಿಕೊಂಡು ಬಂತು, ಏಕೆಂದರೆ ಗೊಬ್ಬರದ ಅಂಗಡಿಯ ಈಶಪ್ಪನಿಗೆ ಚುನಾವಣೆಗೆ ನಿಲ್ಲುವ ಮನಸ್ಸಾಗಿತ್ತು. ಅವನೇ ಯೋಧರ ಸ್ಮಾರಕ ಸಮಿತಿ ಕಟ್ಟಿದ, ಅವನೇ ಅಧ್ಯಕ್ಷನೂ ಆದ. ಕಲ್ಲಿನ ಮೇಲೆ ಎರಡು ಹೆಸರು, ಅದರ ಮೇಲೆ ಒಂದು ಮೂರ್ತಿ ಎಂದು ತೀರ್ಮಾನವಾಯಿತು. ಮೂರ್ತಿಗೆ ಮುಖ ಯಾರದು ಎಂಬ ಜಗಳ ಬಗೆಹರಿಯದೆ ಕೊನೆಗೆ ಚೀಟಿ ಎತ್ತಿದರು. ಮರ್ದಾನನ ಮುಖ ಬಂತು.

"ಇರ್ಲಿ ಬಿಡ್ರಿ, ಎದಿ ನಮ್ಮ ಹುಡುಗಂದು ಅಂತ ತಿಳ್ಕೋತೀನಿ," ಎಂದು ಪಾರ್ವತೆಮ್ಮ ಚಹಾ ಕುಡಿದು ಬೇವೂರಿನ ಬಸ್ಸು ಹತ್ತಿದಳು.

ಮೆಹರುನಬಿ ತನ್ನಲ್ಲಿ ಉಳಿದಿದ್ದ ಒಂದೇ ಒಂದು ಫೋಟೋ ಕೊಟ್ಟಳು. ಪಲ್ಟನ್ನಿನವರು ಕಳಿಸಿದ್ದೂ ಸೇರಿ ಮಿಕ್ಕವನ್ನೆಲ್ಲ ಟ್ರಂಕಿನಲ್ಲೇ ಗೆದ್ದಲು ತಿಂದಿತ್ತು. ಫೋಟೋವನ್ನು ಈಶಪ್ಪ ಶಿಲ್ಪಿಗೆ ಕೊಟ್ಟ, ಶಿಲ್ಪಿ ಎಲ್ಲೋ ಇಟ್ಟ, ಎಲ್ಲಿಟ್ಟೆ ಎಂದು ಕೇಳಿದರೆ ತಲೆ ಕೆರೆದುಕೊಂಡ. ಅಲ್ಲಿಗೆ ಫೋಟೋದ ಕಥೆ ಮುಗಿಯಿತು.

ಫೋಟೋ ಹೋದ ಮೇಲೆ ಒಂದು ಬೆಳಿಗ್ಗೆ ಕಡಲೆಹಿಟ್ಟು ಕಲೆಸುತ್ತ ಮೆಹರುನಬಿ ಮಗನ ಮುಖ ನೆನಪಿಸಿಕೊಳ್ಳಲು ಹೋದಳು. ಬರಲಿಲ್ಲ. ಅವನ ದನಿ ಬಂತು, ಬಾಗಿಲು ಧಡಾರನೆ ನೂಕುವ ಸದ್ದು ಬಂತು, ಅವನ ಅಂಗಿಯ ಬೆವರಿನ ವಾಸನೆ ಕೂಡ ಬಂತು. ಮುಖ ಮಾತ್ರ ಇಲ್ಲ. ಇಷ್ಟು ವರ್ಷ ತಾನು ನೋಡುತ್ತಿದ್ದದ್ದು ಫೋಟೋವನ್ನು, ಮಗನನ್ನಲ್ಲ ಎಂದು ಆಕೆಗೆ ಆಗ ಹೊಳೆಯಿತು. ಹೆತ್ತವಳೇ ಮಗನ ಮುಖ ಮರೆತಳು ಎಂದರೆ ಜನ ಏನಂದಾರು? ನಾಚಿಕೆಯಿಂದ ಯಾರೆದುರೂ ಬಾಯಿ ಬಿಡಲಿಲ್ಲ. ಇನ್ನು ಅವನ ಮುಖ ಉಳಿದಿರುವುದು ಮೂರ್ತಿಯಲ್ಲೇ, ಅದನ್ನೊಂದು ಸಲ ನೋಡಿದರೆ ಸಾಕು ಎಂದು ಆಕೆ ಹಗಲೂ ರಾತ್ರಿ ಹಂಬಲಿಸಿದಳು.

ಮೂರ್ತಿಯೋ, ಬಂದ ದಿನದಿಂದ ಮುಸುಕಿನೊಳಗೇ ಇತ್ತು. ಅನಾವರಣಕ್ಕೆ ಮಂತ್ರಿಗಳು ಬರಬೇಕು, ಮಂತ್ರಿಗಳ ತಾರೀಖು ಸಿಗಬೇಕು. ಮೊದಲು ಸುತ್ತಿದ ಬಿಳಿ ಬಟ್ಟೆ ಮಳೆಗಾಳಿಗೆ ಚಿಂದಿಯಾದಾಗ ಈಶಪ್ಪ ಅಂಗಡಿಯಿಂದ ಹೊಸ ಹಸಿರು ತಾಡಪತ್ರಿ ತಂದು, ಶೇಂಗಾದ ರಾಶಿ ಮುಚ್ಚುವ ಹಾಗೆ ತಲೆಯಿಂದ ಬುಡದವರೆಗೆ ಸುತ್ತಿ, ಹಗ್ಗ ಬಿಗಿದು ಕೈತೊಳೆದುಕೊಂಡ.

ಮೆಹರುನಬಿ ಅವನ ಅಂಗಡಿಗೇ ಹೋದಳು. "ಈಶಪ್ಪ, ಒಂದ್ ಸಲ ಸರಿಸಿ ತೋರ್ಸಪಾ. ಕಣ್ತುಂಬ ನೋಡಿ ಹೋಗ್ತೀನಿ."

"ಬೀಯಮ್ಮಾ, ಅನಾವರಣ ಆಗೂತನಕ ಯಾರೂ ಮುಖ ನೋಡಂಗಿಲ್ಲರಿ. ಮಂತ್ರಿಗಳಿಗೆ ಅವಮಾನ ಆಗತೈತಿ."

"ನಾ ಅವನ್ನ ಹಡಿಯೂ ಮುಂದ ಯಾವ ಮಂತ್ರಿ ತಾರೀಖೂ ಕೇಳಿದ್ದಿಲ್ಲಪಾ."

ಈಶಪ್ಪ ಹಲ್ಲು ಕಿರಿದು ಗಿರಾಕಿಯ ಕಡೆ ತಿರುಗಿದ.

ಈ ನಡುವೆ ಸರ್ಕಲ್ಲಿನಲ್ಲಿ ಬೇರೆಯದೇ ಆಟ ಸುರುವಾಗಿತ್ತು. ಟಂಟಂ ಗಾಡಿಗಳಲ್ಲಿ ಹೋಗುವ ಹಳ್ಳಿಯ ಹೆಣ್ಣುಮಕ್ಕಳ ಕಣ್ಣಿಗೆ ಹಸಿರು ಹೊದ್ದು ನಿಂತ ಆ ಆಕಾರ ಬಿತ್ತು. ಹಸಿರು ಹೊದ್ದಿರುವುದು ಎಂದರೆ ಯಾವುದೋ ಸೂಫಿ ಶರಣರ ಜಾಗ, ಅದರಲ್ಲಿ ಕೇಳುವುದೇನು? ಒಬ್ಬಳು ಕೈಮುಗಿದಳು, ಇನ್ನೊಬ್ಬಳು ಕಾಯಿ ಒಡೆಸಿದಳು, ಮತ್ತೊಬ್ಬಳು ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಬೇಕೆಂದು ಪಕ್ಕದ ಮಸೀದಿಯ ಹಾಜಿಸಾಬನನ್ನು ಕರೆತಂದಳು. ಹಾಜಿಸಾಬ ಮೊದಮೊದಲು, "ಇದು ಸಿಪಾಯಿ ಮೂರ್ತಿರಿ ತಾಯಿ, ಶರಣರದಲ್ಲ," ಎಂದು ಬಿಡಿಸಿ ಹೇಳಿದ. ಯಾರು ಕೇಳುತ್ತಾರೆ? ಕೊನೆಗೆ ಅವನೂ ಸೋತು, ಸತ್ತ ಹುಡುಗನ ಹೆಸರಿನಲ್ಲಿ ನಾಲ್ಕು ಒಳ್ಳೆಯ ಮಾತು ಓದಿದರೆ ತಪ್ಪೇನು ಎಂದುಕೊಂಡು ಓದಿ ಸಕ್ಕರೆ ಹಂಚಿದ. ತಾಡಪತ್ರಿ ತಾತ ಎಂಬ ಹೆಸರು ಗಂಗಾವತಿಯವರೆಗೂ ಹಬ್ಬಿತು. ಮದುವೆ ಕೂಡ ಆಗದೆ ಸತ್ತ ಹುಡುಗ ಹೀಗೆ ಊರಿಗೆಲ್ಲ ತಾತನಾದ. ಮೆಹರುನಬಿಯ ಮಿರ್ಚಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ಬಂದವರೆಲ್ಲ ತನ್ನ ಮಗನನ್ನು ಕಂಡು ಹೋಗುತ್ತಾರೆ, ತನಗೆ ಮಾತ್ರ ಕಾಣಿಸುವುದಿಲ್ಲ ಎಂಬ ಸಂಕಟದಲ್ಲಿ ಆಕೆಗೆ ಆ ವ್ಯಾಪಾರದ ಖುಷಿಯೇ ಹತ್ತಲಿಲ್ಲ.

ಒಂದು ದಿನ ಯಲಬುರ್ಗಾ ಕಡೆಯ ಅಮರಮ್ಮ ಎಂಬಾಕೆ ಕೂಸನ್ನು ಎತ್ತಿಕೊಂಡು ಬಂದಳು. ಹರಕೆ ಫಲಿಸಿದೆ, ತಾತನಿಗೆ ಹೊಸ ಗಲೀಫ ಹೊದಿಸಬೇಕು ಎಂದಳು. ಕೈಯಲ್ಲಿ ಜರಿಯಂಚಿನ ಹಸಿರು ಬಟ್ಟೆ ಇತ್ತು. ಮಿರ್ಚಿ ಕರಿಯುತ್ತಿದ್ದ ಮೆಹರುನಬಿಯ ಜಾಲರಿ ಎಣ್ಣೆಯ ಮೇಲೆಯೇ ನಿಂತಿತು.

"ಹಳೇದರ ಮ್ಯಾಲs ಹೊಸಾದು ಹಾಕ್ತೀಯೇನವಾ?" ಎಂದು ಆಕೆ ಸುತ್ತಲಿನವರಿಗೂ ಕೇಳುವಂತೆ ಜೋರಾಗಿ ಹೇಳಿದಳು. "ದರ್ಗಾದಾಗ ಹಂಗ ಮಾಡ್ತಾರೇನು? ಮೊದಲ ಹಳೇದು ಇಳಿಸಬೇಕು. ಇಲ್ಲಂದ್ರ ತಾತಗ ಸಿಟ್ಟು ಬರತೈತಿ. ಸಣ್ಣಾಂವಿದ್ದಾಗಿಂದ ಅವನ ಸಿಟ್ಟು ನನಗ ಗೊತ್ತೈತಿ."

ಹೆತ್ತ ತಾಯಿಯೇ ಹೇಳಿದ ಮೇಲೆ ಮಾತುಂಟೇ? ಹೆಂಗಸರ ದಂಡು ಗೊಬ್ಬರದ ಅಂಗಡಿಗೆ ನುಗ್ಗಿತು. ಈಶಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಆಗಲಿ ಎಂದರೆ ಮಂತ್ರಿಗಳ ಸಿಟ್ಟು, ಆಗದು ಎಂದರೆ ಅಷ್ಟೂ ಓಟು ಹೋದವು. ದಾರಿ ತೋರಿಸಿದವಳೂ ಮೆಹರುನಬಿಯೇ.

"ಸುತ್ತ ಪರದೆ ಹಿಡಸ್ತೀವಪಾ. ಅರಿವಿ ಬದಲಿ ಮಾಡೂ ಮುಂದ ಮಂದಿ ನೋಡಬಾರದು. ಒಳಗ ಹಾಜಿಸಾಬ್ರು, ಸತ್ತವರ ತಾಯಂದ್ರು ಅಷ್ಟs. ನಿನ್ನ ಅನಾವರಣ ನಿನಗs ಇರ್ಲಿ."

ಗುರುವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಮೂರ್ತಿಯ ಸುತ್ತ ಹೆಂಗಸರು ಉದ್ದ ಕೋಲುಗಳಿಗೆ ಸೀರೆ ಕಟ್ಟಿ ಎತ್ತಿ ಹಿಡಿದು ಮರೆ ಮಾಡಿದರು. ಬೇವೂರಿನಿಂದ ಪಾರ್ವತೆಮ್ಮನೂ ಬಂದಿದ್ದಳು. ಹಾಜಿಸಾಬ ಏಣಿ ಹತ್ತಿ ಹಗ್ಗ ಬಿಚ್ಚಿದ. ತಾಡಪತ್ರಿ ದೂಳೆಬ್ಬಿಸುತ್ತ ಕೆಳಗೆ ಜಾರಿತು.

ಬಂದೂಕು ಸರಿಯಾಗಿತ್ತು, ಬೂಟು ಸರಿಯಾಗಿತ್ತು. ಮುಖ ಮಾತ್ರ ಬಟ್ಟೆ ಅಂಗಡಿಯ ಗೊಂಬೆಗೆ ಮೀಸೆ ಅಂಟಿಸಿದಂತಿತ್ತು. ಮೆಹರುನಬಿ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಇದ್ದೊಂದು ಆಸೆಯೂ ಹೋಯಿತಲ್ಲ ಎಂದುಕೊಂಡಳು.

"ಯಾರವಾ ಇವ?" ಎಂದಳು ಪಿಸುದನಿಯಲ್ಲಿ.

ಪಾರ್ವತೆಮ್ಮ ಕತ್ತು ವಾರೆ ಮಾಡಿ ನೋಡಿದಳು. "ನಮ್ಮಾಂವ ಅಂತೂ ಅಲ್ಲ ಯಕ್ಕಾ. ಎದೀನೂ ನಮ್ಮಾಂವಂದಲ್ಲ."

ಮೆಹರುನಬಿಗೆ ಸಿಟ್ಟು ನೆತ್ತಿಗೇರಿತು. "ಆ ಶಿಲ್ಪಿ ಕೈಗೆ ಹಾವು ಕಡೀಲಿ! ಮೂಗ ನೋಡs, ಇಷ್ಟುದ್ದ! ನನ್ನ ಮಗಂದು ಮೊಂಡ ಮೂಗು, ಗಜ್ಜರಿ ತುದಿ ಮುರದಂಗ. ಕಿವಿ ನೋಡು, ತಲಿಗೆ ಅಂಟ್ಯಾವು! ಅವನ ಕಿವಿ ಹೊರಗ ನಿಂತಿದ್ವು, ಟೊಪಗಿ ಹಾಕ್ಕೊಂಡ್ರ ಕಿವಿ ಮ್ಯಾಲs ಕೂಡ್ತಿತ್ತು. ಮೀಸಿ ಎಲ್ಲಿಂದ ಬಂತು ಇವಗ? ನಾಕು ಕೂದಲಾ, ಅದಕ್ಕs ದಿನಾ ಕನ್ನಡಿ ಮುಂದ ನಿಂದ್ರತಿದ್ದ. ಗಲ್ಲದ ಮ್ಯಾಲ ಬಂಡಿ ಎಣ್ಣಿ ಸಿಡದ ಕಲಿ..."

ಬೈಯುತ್ತ ಬೈಯುತ್ತ ಮೊಂಡ ಮೂಗು ಬಂದಿತ್ತು, ಕಿವಿ ಬಂದಿತ್ತು, ನಾಲ್ಕು ಕೂದಲ ಮೀಸೆಯ ಕೆಳಗೆ ನಗುವ ಬಾಯಿ ಬಂದಿತ್ತು. ಮರ್ದಾನ ಇಡಿಯಾಗಿ ಕಣ್ಣೆದುರು ನಿಂತಿದ್ದ. ಪಾರ್ವತೆಮ್ಮನ ಭುಜ ಹಿಡಿದುಕೊಂಡು ಮೆಹರುನಬಿ ಜೋರಾಗಿ ಅತ್ತಳು, ಅಳುತ್ತಲೇ ನಕ್ಕಳು.

ಪರದೆಯ ಹೊರಗಿನಿಂದ ಈಶಪ್ಪ ಗಾಬರಿಯಲ್ಲಿ ಕೂಗಿದ. "ಬೀಯಮ್ಮಾ, ಹೆಂಗೈತ್ರಿ? ಮರ್ದಾನನ ಹಂಗs ಐತಿಲ್ಲರಿ?"

"ಒಂಚೂರೂ ಇಲ್ಲಪಾ!" ಎಂದಳು ಮೆಹರುನಬಿ ಕಣ್ಣೀರು ಒರೆಸಿಕೊಳ್ಳುತ್ತ. "ಭಾಳ ಛಲೋ ಆತು!"

ಆಮೇಲೆ ಅಮರಮ್ಮನ ಜರಿಯಂಚಿನ ಬಟ್ಟೆಯನ್ನು ತಾನೇ ಬಿಡಿಸಿ ಏಣಿಯ ಮೇಲಿದ್ದ ಹಾಜಿಸಾಬನ ಕೈಗೆ ಕೊಟ್ಟಳು.

"ಹೊದಿಸ್ರಿ ಹಾಜಿಸಾಬ್ರ. ಪಾಪ, ಯಾರ ಮಗನೋ ಏನೋ, ಬಿಸಲಾಗ ನಿಂತಾನ."