ಮುದುಕರೇ ಇಲ್ಲದ ಹಿರಿಯರ ಮನೆ

ನಮ್ಮ ಬೀದಿಯ ಹಳೆಯ ಅಗ್ನಿಶಾಮಕ ಠಾಣೆಯನ್ನು ಪುರಸಭೆಯವರು ವಯಸ್ಸಾದವರು ಹಗಲು ಹೊತ್ತು ಬಂದು ಕಳೆಯುವ ಹಿರಿಯರ ಮನೆಯಾಗಿ ಮಾಡಿದಾಗ, ಅದರ ಉದ್ಘಾಟನೆಗೆ ಹಿರಿಯರೊಬ್ಬರೂ ಬಂದಿರಲಿಲ್ಲ. ಬಂದವರೆಲ್ಲ ಭಾಷಣ ಮಾಡುವವರು ಮತ್ತು ಅವರ ಫೋಟೊ ತೆಗೆಯುವವರು. ಎದುರುಗಡೆಯೇ ನನ್ನ ಕನ್ನಡಕದ ಅಂಗಡಿ. ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ಜಾಗವೇನೋ ಚಿನ್ನದಂಥದ್ದು. ಬೆಂಕಿ ಆರಿಸುವ ಗಾಡಿ ನಿಲ್ಲುತ್ತಿದ್ದ ಹಜಾರವಾದ್ದರಿಂದ ಒಂದು ಮೆಟ್ಟಿಲೂ ಇಲ್ಲ, ಬಾಗಿಲು ಆನೆ ಹೋಗುವಷ್ಟು ಅಗಲ, ಬೆಳಕು ಧಾರಾಳ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ, ಕೈ ಇರುವ ಗಟ್ಟಿ ಕುರ್ಚಿಗಳು, ದಪ್ಪ ಅಕ್ಷರದ ಪುಸ್ತಕಗಳು, ಚದುರಂಗದ ಮಣೆ. ಪುರಸಭೆಯವರು ಯಾವ ಕೆಲಸವನ್ನೂ ಅಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ನೋಡಿರಲಿಲ್ಲ. ಉಸ್ತುವಾರಿಗೆ ಒಬ್ಬ ಹುಡುಗಿಯನ್ನೂ ನೇಮಿಸಿದ್ದರು. ಆಕೆ ದಿನವಿಡೀ ಒಬ್ಬಳೇ ಕೂತು, ತನ್ನ ಜೊತೆ ತಾನೇ ಚದುರಂಗ ಆಡಿ ಸೋಲುತ್ತಿದ್ದಳು.

ಯಾರೂ ಯಾಕೆ ಬರುತ್ತಿಲ್ಲವೆಂದು ಪುರಸಭೆಯವರು ತಲೆ ಕೆಡಿಸಿಕೊಂಡರು. ನನ್ನನ್ನು ಕೇಳಿದ್ದರೆ ನಿಂತ ಕಾಲಲ್ಲೇ ಹೇಳುತ್ತಿದ್ದೆ. ಈ ಊರಿನ ಮೂಗುಗಳ ಮೇಲೆ ಕನ್ನಡಕ ಕೂರಿಸುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ನನ್ನ ಕಣ್ಣು ಮಂದವಾಗಿದೆ ಎಂದು ಒಪ್ಪಿಕೊಂಡು ಬಂದ ಗಿರಾಕಿಯನ್ನು ಇದುವರೆಗೆ ಕಂಡಿಲ್ಲ. ಪತ್ರಿಕೆಯವರು ಅಕ್ಷರ ಚಿಕ್ಕದು ಮಾಡಿಬಿಟ್ಟಿದ್ದಾರೆ, ಬಲ್ಬುಗಳು ಮೊದಲಿನ ಹಾಗಿಲ್ಲ, ಸೂಜಿಗೆ ಈಗ ಸರಿಯಾಗಿ ತೂತು ಹಾಕುವುದಿಲ್ಲ ಎನ್ನುವವರೇ ಎಲ್ಲ. ಇಂಥ ಜನ ‘ಹಿರಿಯರ ಮನೆ’ ಎಂಬ ಬೋರ್ಡಿನ ಕೆಳಗೆ ತಾವಾಗಿ ಹಾದು ಹೋಗುತ್ತಾರೆಯೇ?

ಅಂಥವರಲ್ಲಿ ಮೊದಲಿಗರು ನಮ್ಮ ಮನೆಯಲ್ಲೇ ಇದ್ದರು, ನನ್ನ ಅತ್ತೆ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಅವರ ವಾರ್ಡಿನಲ್ಲಿ ಡಾಕ್ಟರುಗಳೂ ದನಿ ತಗ್ಗಿಸಿ ಮಾತಾಡುತ್ತಿದ್ದರಂತೆ. ಅವರಿಗೆ ಮೂಗಿನ ತುದಿಯಲ್ಲೇ ಕೋಪ, ನನಗೂ ಅಷ್ಟೇ. ಆದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿಯೇ ಹೊಂದುತ್ತಿತ್ತು. ಬೆಳಿಗ್ಗೆ ಜಗಳವಾಡಿದರೆ ಸಂಜೆಗೆ ಇಬ್ಬರಿಗೂ ಅದು ಮರೆತಿರುತ್ತಿತ್ತು. ಅಂಥವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಡೆಯಲು ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಹೊಸ್ತಿಲು ದಾಟಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಕೂತರು. ನಾನು ಮಧ್ಯಾಹ್ನ ಊಟಕ್ಕೆ ಬಂದಾಗ ಅದೇ ಕುರ್ಚಿ, ಸಂಜೆ ಬಂದಾಗಲೂ ಅದೇ ಕುರ್ಚಿ. ಉಪ್ಪು ಜಾಸ್ತಿಯಾದರೂ ಬೈಯುವುದನ್ನು ಬಿಟ್ಟರು. ನನಗೆ ಹೆದರಿಕೆಯಾದದ್ದು ಆಗಲೇ. ಅವರು ಹಾಗೆ ಸುಮ್ಮನೆ ಆರಿಹೋಗುವುದನ್ನು ನೋಡಿಕೊಂಡಿರುವುದು ನನ್ನ ಕೈಲಾಗುತ್ತಿರಲಿಲ್ಲ. ನನಗೆ ಬೈಯುವ ಅತ್ತೆಯೇ ಬೇಕಾಗಿತ್ತು.

ಹಿರಿಯರ ಮನೆಗೆ ಹೋಗೋಣವೆಂದರೆ, ಮುದುಕರ ನಡುವೆ ಕೂತು ನಾನೇನು ಮಾಡಲಿ ಎಂದು ಮುಖ ತಿರುಗಿಸಿದರು. ಗಂಡ ಹೇಳಿ ನೋಡಿದ, ಆಗಲಿಲ್ಲ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಸುಳ್ಳು ಹೇಳಿದೆ. ಅಲ್ಲಿಗೆ ವಯಸ್ಸಾದವರು ಬರುತ್ತಾರೆ, ಅವರ ಬಿ.ಪಿ. ನೋಡಲು ತಿಳಿದವರೊಬ್ಬರೂ ಇಲ್ಲ, ಆ ಉಸ್ತುವಾರಿ ಹುಡುಗಿ ಕಣ್ಣೀರು ಹಾಕುತ್ತಿದ್ದಾಳೆ ಎಂದೆ. ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ, ಅವಳಿಗೆ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಲು ಬರುತ್ತದೋ ಇಲ್ಲವೋ ಎಂದು ಕೇಳಿದರು. ಬರುವುದಿಲ್ಲ ಎಂದೆ. ಮರುದಿನ ಬೆಳಿಗ್ಗೆ ಕೈಗಡಿಯಾರ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ತೋಳು ಹಿಡಿದೇ ರಸ್ತೆ ದಾಟಿದರು, ಆದರೆ ದಾಟಿದರು.

ಈಗ ಅಲ್ಲಿ ಒಬ್ಬ ಹಿರಿಯರಾದರೂ ಬೇಕಲ್ಲ? ಬಸ್ ಡ್ರೈವರ್ ಆಗಿ ನಿವೃತ್ತರಾದ ಒಬ್ಬರು ಅಂದೇ ಕನ್ನಡಕದ ಕಾಲು ಸರಿಮಾಡಿಸಲು ಅಂಗಡಿಗೆ ಬಂದರು. ಹೆಂಡತಿ ತೀರಿಕೊಂಡ ಮೇಲೆ ಅವರು ತಿಂಗಳಿಗೊಮ್ಮೆ ತಾವೇ ಅದರ ಕಾಲು ಬಗ್ಗಿಸಿಕೊಂಡು ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮಾತಾಡಲು ಒಂದು ನೆಪ ಬೇಕಲ್ಲ. ಎದುರುಗಡೆ ಕಣ್ಣು ಕಾಣದ ವಯಸ್ಸಾದವರಿದ್ದಾರೆ, ಪತ್ರಿಕೆ ಓದಿ ಹೇಳಲು ಗಟ್ಟಿ ಗಂಟಲಿನವರು ಬೇಕಂತೆ ಎಂದೆ. ಅವರು ಹಿಂದುಮುಂದು ನೋಡದೆ ಹೊರಟರು. ಆಮೇಲೆ ನನಗೆ ರುಚಿ ಹತ್ತಿತು. ಅಪ್ಪನಿಗೆ, ಅಮ್ಮನಿಗೆ, ಮಾವನಿಗೆ ಕನ್ನಡಕ ಕೊಡಿಸಲು ಬಂದ ಮಕ್ಕಳಿಗೆಲ್ಲ ಈ ಉಪಾಯ ಹೇಳಿಕೊಟ್ಟೆ. ದರ್ಜಿಯಮ್ಮ ಪರದೆ ಹೊಲಿದುಕೊಡಲು ಬಂದರು. ಲೆಕ್ಕದ ಮೇಷ್ಟ್ರು, ಚದುರಂಗ ಮರೆತವರಿಗೆ ಕಲಿಸಿಕೊಡಲು ಬಂದರು. ತೋಟದ ಇಲಾಖೆಯಲ್ಲಿದ್ದವರು ಗಿಡ ನೋಡಿಕೊಳ್ಳಲು, ಬೇಕರಿ ನಡೆಸುತ್ತಿದ್ದವರು ಚಹಾ ಮಾಡಲು. ಹಜಾರ ತುಂಬಿತು. ಉಸ್ತುವಾರಿ ಹುಡುಗಿಗೆ ಚದುರಂಗದಲ್ಲಿ ಬೇರೆಯವರ ಕೈಲಿ ಸೋಲುವ ಯೋಗ ಬಂತು.

ತಮಾಷೆಯೆಂದರೆ, ಬಂದವರೆಲ್ಲ ಸೇವೆಗೆ ಬಂದವರೇ. ಅತ್ತೆ ಸಂಜೆ ಮನೆಗೆ ಬಂದು, ಪಾಪ ಕಣೆ ಆ ಡ್ರೈವರು, ಒಂಟಿ ಜೀವ, ನಾನು ಕೂತು ಕೇಳಲಿ ಅಂತ ಟೆಂಡರ್ ಜಾಹೀರಾತನ್ನೂ ಓದುತ್ತಾರೆ ಎನ್ನುತ್ತಿದ್ದರು. ಡ್ರೈವರ್ ನನ್ನ ಅಂಗಡಿಗೆ ಬಂದು, ಪಾಪ ನಿಮ್ಮ ಅತ್ತೆ, ಯಾರದಾದರೂ ಕೈ ಸಿಕ್ಕಿದರೆ ಸಾಕು ಬಿ.ಪಿ. ನೋಡುತ್ತಾರೆ, ಅವರಿಗೆ ಸಮಾಧಾನವಾಗಲಿ ಅಂತ ದಿನಾ ತೋಳು ಚಾಚುತ್ತೇನೆ ಎನ್ನುತ್ತಿದ್ದರು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಂಡಂತೆ, ಪ್ರತಿಯೊಬ್ಬರಿಗೂ ಉಳಿದವರ ವಯಸ್ಸು ಮಾತ್ರ ಕಾಣುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ಲೆನ್ಸ್ ಒರೆಸುತ್ತಿದ್ದೆ. ಅತ್ತೆ ಮತ್ತೆ ಉಪ್ಪಿಗೆ ಬೈಯಲು ಶುರುಮಾಡಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಉಸ್ತುವಾರಿ ಹುಡುಗಿ ಓಡಿಬಂದಳು. ಪುರಸಭೆಯಿಂದ ಅಧಿಕಾರಿಯೊಬ್ಬರು ಬಂದಿದ್ದಾರೆ, ಉಗ್ರಾಣದ ವಿಭಾಗದವರಿಗೆ ಪೈಪು ಇಡಲು ಜಾಗ ಬೇಕಂತೆ, ಹಿರಿಯರು ಬರದಿದ್ದರೆ ಈ ಹಜಾರವನ್ನೇ ಅವರಿಗೆ ಕೊಡುತ್ತಾರಂತೆ ಎಂದಳು. ಹಜಾರ ತುಂಬ ಜನ ಇದ್ದಾರಲ್ಲ ತೋರಿಸು ಎಂದೆ. ಅವಳು ಅಳುವ ಹಾಗೆ ನನ್ನ ಮುಖ ನೋಡಿದಳು.

“ತೋರಿಸ್ದೆ ಅಕ್ಕಾ. ಹಿರಿಯರು ಯಾರ್ಯಾರು ಕೈ ಎತ್ತಿ ಅಂದ್ರು. ಒಬ್ರೂ ಎತ್ತಲಿಲ್ಲ.”

ಕುರ್ಚಿಯಲ್ಲಿದ್ದ ಗಿರಾಕಿಗೆ ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸುತ್ತಿದ್ದೆ. ಅವರನ್ನು ಹಾಗೇ ಒಕ್ಕಣ್ಣಲ್ಲಿ ಬಿಟ್ಟು ರಸ್ತೆ ದಾಟಿದೆ.

ಒಳಗೆ ಅಧಿಕಾರಿ ನಡುಮಧ್ಯೆ ನಿಂತಿದ್ದರು. ಕೆಟ್ಟ ಮನುಷ್ಯರಲ್ಲ, ತಲೆ ನರೆತು, ತಾವೂ ಇನ್ನೇನು ನಿವೃತ್ತಿಯ ಅಂಚಿನಲ್ಲಿದ್ದವರು. ಅವರು ಮೇಷ್ಟ್ರನ್ನು ಕೇಳಿದರೆ ಮೇಷ್ಟ್ರು ದರ್ಜಿಯಮ್ಮನ ಕಡೆ ಕಣ್ಣು ತಿರುಗಿಸಿದರು. ದರ್ಜಿಯಮ್ಮನನ್ನು ಕೇಳಿದರೆ, ನಾನು ಹೊಲಿಯಲು ಬಂದವಳು, ಹಿರಿಯರು ಬೇಕಾದರೆ ಡ್ರೈವರನ್ನು ನೋಡಿ ಎಂದರು. ಡ್ರೈವರಿಗೆ ಸಿಟ್ಟು ಬಂತು. ಇವತ್ತೂ ಲಾರಿ ಕೊಟ್ಟರೆ ಘಟ್ಟ ಹತ್ತಿಸುತ್ತೇನೆ ಎಂದರು. ಕೊನೆಗೆ ಅಧಿಕಾರಿ, ಇಲ್ಲಿ ಕೆಲಸದವರೇ ಎಲ್ಲ, ಹಿರಿಯರು ಯಾರೂ ಇಲ್ಲ, ಹಾಗೆಂದೇ ವರದಿ ಕೊಡಬೇಕಾಗುತ್ತದೆ, ಬರುವ ತಿಂಗಳಿಂದ ಜಾಗ ಉಗ್ರಾಣಕ್ಕೆ ಎಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒಬ್ಬರು ಒಪ್ಪಿಕೊಂಡರೆ ಸಾಕಿತ್ತು, ಆದರೆ ಆ ಒಬ್ಬರು ತಾವಾಗಲು ಯಾರಿಗೂ ಇಷ್ಟವಿರಲಿಲ್ಲ.

ನಾನೇ ಎಲ್ಲ ಹೇಳಿಬಿಡಬೇಕೆಂದು ಮುಂದೆ ಹೋದೆ. ಆಗ ಅತ್ತೆ ನನ್ನ ಕಡೆ ತಿರುಗಿದರು. ಮೊದಲು ನನ್ನನ್ನು, ಆಮೇಲೆ ಉಸ್ತುವಾರಿ ಹುಡುಗಿಯನ್ನು, ಆಮೇಲೆ ಹಜಾರದಲ್ಲಿದ್ದ ಒಬ್ಬೊಬ್ಬರನ್ನೂ ನೋಡುತ್ತಾ ಬಂದರು. ವಾರ್ಡಿನಲ್ಲಿ ತಪ್ಪು ಮಾತ್ರೆ ಕೊಟ್ಟ ನರ್ಸನ್ನು ಅವರು ಹೇಗೆ ಕಂಡುಹಿಡಿಯುತ್ತಿದ್ದರು ಎಂದು ನನಗೆ ಆ ಹೊತ್ತಿಗೆ ಗೊತ್ತಾಯಿತು. ಒಂದು ಮಾತೂ ಕೇಳಲಿಲ್ಲ. ಎಲ್ಲ ತಿಳಿದುಹೋಯಿತು ಅವರಿಗೆ. ಮುಖ ಸಣ್ಣದಾಯಿತು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇದನ್ನೆಲ್ಲ ಮಾಡಿದ್ದು ಅವರು ಕುರ್ಚಿ ಬಿಟ್ಟು ಏಳಲಿ ಎಂದು; ಈಗ ನಾನೇ ಮತ್ತೆ ಅಲ್ಲಿಗೆ ತಳ್ಳಿದ ಹಾಗಾಯಿತಲ್ಲ ಎಂದುಕೊಂಡೆ.

ಅತ್ತೆ ಅಧಿಕಾರಿಯ ಎದುರಿಗೆ ಹೋಗಿ ನಿಂತರು.

“ಬರ್ಕೊಳ್ಳಿ ಸಾರ್,” ಎಂದರು. “ನಂಗೆ ಎಪ್ಪತ್ತೆರಡು. ಬಿದ್ದು ಸೊಂಟ ಮುರ್ಕೊಂಡಿದ್ದೆ. ಒಬ್ಳೇ ರಸ್ತೆ ದಾಟೋಕೆ ಈಗ್ಲೂ ಭಯ. ಇಲ್ಲಿಗೆ ಬರದೇ ಇದ್ದಿದ್ರೆ ಇವತ್ತೂ ಕಿಟಕಿ ನೋಡ್ಕೊಂಡು ಕೂತಿರ್ತಿದ್ದೆ. ನಾನು ಮುದುಕಿ.”

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಡ್ರೈವರ್ ಗಂಟಲು ಸರಿಮಾಡಿಕೊಂಡು, ತಮಗೆ ಎಪ್ಪತ್ತಾರು ಎಂದರು. ಮನೆಯಲ್ಲಿ ಗೋಡೆಯ ಜೊತೆ ಮಾತಾಡಬೇಕಾಗುತ್ತದೆ, ಅದಕ್ಕೇ ಇಲ್ಲಿ ಟೆಂಡರನ್ನೂ ಬಿಡದೆ ಓದುತ್ತೇನೆ ಎಂದರು. ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ದರ್ಜಿಯಮ್ಮ, ತಮಗೆ ಎಪ್ಪತ್ತು, ಎರಡೂ ಮಂಡಿ ಹೋಗಿವೆ ಎಂದರು. ಮೇಷ್ಟ್ರು ಅಷ್ಟಕ್ಕೇ ಬಿಡುವವರೇ? ಮಂಡಿಯ ಜೊತೆ ತಮಗೆ ಸಕ್ಕರೆ ಕಾಯಿಲೆಯೂ ಇದೆ, ವಯಸ್ಸೂ ದರ್ಜಿಯಮ್ಮನಿಗಿಂತ ಮೂರು ವರ್ಷ ಜಾಸ್ತಿ ಎಂದರು. ತೋಟದವರು ಎಂಬತ್ತೊಂದು ಎಂದು ಎದೆಯುಬ್ಬಿಸಿ ಹೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಈವರೆಗೆ ಹಲ್ಲು ಕಚ್ಚಿ ಬಚ್ಚಿಟ್ಟುಕೊಂಡದ್ದನ್ನೆಲ್ಲ ಒಬ್ಬರ ಮೇಲೊಬ್ಬರು ಪೈಪೋಟಿಯಲ್ಲಿ ಹೇಳಿಕೊಳ್ಳತೊಡಗಿದರು. ಬೇಕರಿಯವರು ಒಂದು ಕಿವಿಯಿಂದ ಶ್ರವಣ ಯಂತ್ರವನ್ನೇ ಕಿತ್ತು ಅಧಿಕಾರಿಯ ಮುಖದ ಮುಂದೆ ಹಿಡಿದರು.

ಅಧಿಕಾರಿಗೆ ಬರೆದುಕೊಳ್ಳಲು ಕೈ ಸಾಲಲಿಲ್ಲ. ಆದರೂ ಅವರಿಗೊಂದು ಅನುಮಾನ ಉಳಿಯಿತು. ಈಗಷ್ಟೇ ಸೇವೆಗೆ ಬಂದವರು ಎಂದಿರಿ, ಈಗ ಹಿರಿಯರು ಎನ್ನುತ್ತೀರಿ, ಎರಡರಲ್ಲಿ ಯಾವುದು ಎಂದು ಕೇಳಿದರು.

“ಎರಡೂ,” ಎಂದರು ಅತ್ತೆ. “ನರ್ಸಿಗೂ ಜ್ವರ ಬರುತ್ತೆ ಸಾರ್. ಅದಕ್ಕೆ ಅವಳು ನರ್ಸಲ್ಲ ಅನ್ನೋಕಾಗುತ್ತಾ?”

ಅಧಿಕಾರಿ ಎರಡನ್ನೂ ಬರೆದುಕೊಂಡರು. ಆಮೇಲೆ ಉಗ್ರಾಣದವರು ಬೇರೆ ಜಾಗ ಹುಡುಕಿಕೊಳ್ಳಲಿ ಎಂದರು. ಹೋಗುವ ಮುಂಚೆ ದನಿ ತಗ್ಗಿಸಿ, ಮುಂದಿನ ವರ್ಷ ತಮಗೂ ನಿವೃತ್ತಿ, ಚದುರಂಗ ಸ್ವಲ್ಪ ಬರುತ್ತದೆ ಎಂದು ಮೇಷ್ಟ್ರಿಗೆ ಹೇಳಿದ್ದು ನನಗೂ ಕೇಳಿಸಿತು.

ಜಾಗವೇನೋ ಉಳಿಯಿತು. ನನಗೆ ಬೇಕಾದವರು ಉಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಮನೆಗೆ ಬರುವಾಗ ಅತ್ತೆ ಎಂದಿನಂತೆ ನನ್ನ ತೋಳು ಹಿಡಿದೇ ರಸ್ತೆ ದಾಟಿದರು, ಒಂದೂ ಮಾತಾಡಲಿಲ್ಲ. ಊಟಕ್ಕೆ ಕೂತರು. ನಾನು ಬೇಕೆಂದೇ ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಿದ್ದೆ. ಸದ್ದಿಲ್ಲದೆ ಉಂಡು ಎದ್ದರು. ಕೋಣೆಯ ಬಾಗಿಲು ಹಾಕಿಕೊಳ್ಳುವ ಮುಂಚೆ ಮಾತ್ರ ನಿಂತರು.

“ಕೆಲಸ ಕೊಡಿಸಿದ್ದೀಯ ಅಂದ್ಕೊಂಡಿದ್ದೆ ಕಣೆ,” ಎಂದರು. “ನನ್ನನ್ನ ನೋಡ್ಕೊಳ್ಳೋಕೆ ಅಲ್ಲಿ ಬಿಟ್ಟಿದ್ದೀಯ ಅಂತ ಗೊತ್ತಿರ್ಲಿಲ್ಲ.”

ಗಂಡ, ಅಮ್ಮನಿಗೆ ಅಂಥ ಸುಳ್ಳು ಹೇಳಬಾರದಿತ್ತು ಎಂದ. ಹಾಗಾದರೆ ಆ ಕಿಟಕಿಯ ಹತ್ತಿರ ನೀನೂ ಒಂದು ಕುರ್ಚಿ ಹಾಕಿಕೊಂಡು ಅವರ ಪಕ್ಕ ಕೂರಬಹುದಿತ್ತಲ್ಲ ಎಂದೆ. ನಾನು ಹೇಳಿದ್ದು ಸುಳ್ಳೇ. ಆದರೆ ಡ್ರೈವರ್ ಅವರ ರಕ್ತದೊತ್ತಡ ಏರಿದ್ದನ್ನು ಅತ್ತೆ ಕಂಡುಹಿಡಿದು ಆಸ್ಪತ್ರೆಗೆ ಕಳಿಸಿದ್ದು ಸುಳ್ಳಲ್ಲ. ಹಜಾರದ ಪರದೆಗಳು ಸುಳ್ಳಲ್ಲ, ಅಂಗಳದ ಗಿಡಗಳು ಸುಳ್ಳಲ್ಲ. ನಾನು ಬಾಯಿಮಾತಿಗೆ ಇದೆ ಎಂದ ಕೆಲಸವನ್ನು ಅವರೆಲ್ಲ ನಿಜವಾಗಿಯೂ ಮಾಡಿಬಿಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಇದನ್ನೇ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ನಿರ್ಧರಿಸಿದೆ.

ಬೆಳಿಗ್ಗೆ ಅವರ ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯ ಕುರ್ಚಿ ಖಾಲಿ. ಬಚ್ಚಲಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಬಾಗಿಲ ಹತ್ತಿರ ಅವರ ಚಪ್ಪಲಿಯೂ ಇಲ್ಲ. ಬಿದ್ದ ದಿನದಿಂದ ಅವರು ಒಬ್ಬರೇ ರಸ್ತೆಗೆ ಕಾಲಿಟ್ಟವರಲ್ಲ. ಬಸ್ಸುಗಳು ಆ ಹೊತ್ತಿನಲ್ಲಿ ಮೈಮೇಲೆ ಬಂದಂತೆ ಬರುತ್ತವೆ. ಬಾಚದ ತಲೆಯಲ್ಲೇ ಓಡಿದೆ.

ಹಿರಿಯರ ಮನೆಯ ದೊಡ್ಡ ಬಾಗಿಲು ಆಗಲೇ ತೆರೆದಿತ್ತು. ಉಸ್ತುವಾರಿ ಹುಡುಗಿ ಇನ್ನೂ ಬಂದಿರಲಿಲ್ಲ. ಅತ್ತೆ ಬಿಸಿಲು ಬೀಳುವ ಕಡೆಗೆ ಒಂದು ಕುರ್ಚಿ ಎಳೆದುಕೊಂಡು, ಇನ್ನೊಂದರ ಮೇಲೆ ಎರಡೂ ಕಾಲು ಚಾಚಿ, ರಾಣಿಯ ಹಾಗೆ ಕೂತಿದ್ದರು. ಅವರ ಕೈಗೆ ಚಹಾ ಕೊಡುತ್ತಿದ್ದವರು ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವ ಬೇಕರಿಯವರು. ನಾನು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತೆ. ಒಬ್ಬರೇ ಹೇಗೆ ಬಂದಿರಿ ಎಂದು ಕೇಳುವಾಗ ಕಣ್ಣಲ್ಲಿ ನೀರು ಬಂದಿತ್ತು.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚಹಾ ಒಂದು ಗುಟುಕು ಕುಡಿದರು.

“ನೀನ್ಯಾಕೆ ಬಂದೆ?” ಎಂದರು. “ಇದು ವಯಸ್ಸಾದವರ ಜಾಗ. ಹೋಗು, ಹೋಗಿ ಅಂಗಡಿ ತೆಗಿ. ಅರವತ್ತಾದ ಮೇಲೆ ಬಾ.”