ಐದಕ್ಕೂ ನಾಲ್ಕಕ್ಕೂ ನಡುವೆ

“ಎಡಕ್ಕೆ ವಾಲಿಸಮ್ಮ. ಇನ್ನೂ ಚೂರು. ಹಾಂ, ಅಲ್ಲೇ ಹಿಡ್ಕೋ,” ಎಂದರು ರೇಡಿಯೋ ಮಾಮ.

ಮಗಳು ಕಿಟಕಿಯಷ್ಟು ಅಗಲದ ಸೋಲಾರ್ ಪ್ಯಾನೆಲ್ಲನ್ನು ಟೆರೇಸಿನ ಮೋಟುಗೋಡೆಯ ಮೇಲೆ ಆನಿಸಿ, ಎರಡೂ ಕೈಯಿಂದ ಹಿಡಿದು ಆಕಾಶಕ್ಕೆ ತೋರಿಸುತ್ತಿದ್ದಳು. ಆಕಾಶ ನೋಡಲೊಲ್ಲದು. ಸೂರ್ಯ ತೆಳುಬಟ್ಟೆಯ ಹಿಂದಿಟ್ಟ ದೀಪದ ಹಾಗೆ ಎಲ್ಲೋ ಇದ್ದ. ಪ್ಯಾನೆಲ್ಲಿನಿಂದ ಹೊರಟ ವೈರು ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಹೊಕ್ಕು, ಅಲ್ಲಿಂದ ಹೊರಬಂದು, ಅಡ್ಡ ಮಲಗಿಸಿದ ರಟ್ಟಿನ ಪೆಟ್ಟಿಗೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಸೇರಿತ್ತು. ಪೆಟ್ಟಿಗೆ ನೆರಳಿಗೆ. ಅದಿಲ್ಲದಿದ್ದರೆ ಬಿಸಿಲಿನಲ್ಲಿ ಪರದೆ ಕಾಣಿಸದು.

ಈ ಏರ್ಪಾಟು ಮಾಡಿದವನು ಹತ್ತು ಹೆಜ್ಜೆ ಆಚೆ, ಟೆರೇಸಿನ ಒಂದೇ ಕೋಣೆಯಲ್ಲಿ, ಬಿಳಿ ಹೊದಿಕೆಯಡಿ ಮಲಗಿದ್ದ. ನಿನ್ನೆ ಸಂಜೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದ. ಮೂರು ಗಂಟೆಗೆ ಗಾಡಿ ಬರುವುದಿತ್ತು. ಈಗ ಎರಡೂಕಾಲು.

“ಇದು ಇವತ್ತೇ ಆಗ್ಬೇಕಿತ್ತಾ?” ಹೊಸ್ತಿಲ ಮೇಲೆ ಕೂತಿದ್ದ ಸೋದರತ್ತೆ ಕೇಳಿದರು. “ನನ್ನಣ್ಣ ಒಳಗೆ ಮಲಗಿದ್ದಾನೆ. ನೀನು ಇಲ್ಲಿ ಮೋಡಕ್ಕೆ ಕನ್ನಡಿ ಹಿಡ್ಕೊಂಡು ನಿಂತಿದ್ದೀಯ.”

“ನಾಳೆ ಅಂಗಡಿಗೆ ತಂದುಬಿಡು,” ಎಂದರು ಮಾಮ. “ಬೇರೆ ಚಾರ್ಜರ್ ಹಾಕ್ಕೊಡ್ತೀನಿ. ಇದರ ಚಾರ್ಜರಿನ ತಲೆ ಕತ್ತರಿಸಿ ಪ್ಯಾನೆಲ್ಲಿಗೆ ಹೊಲಿದುಬಿಟ್ಟಿದ್ದಾನೆ ಪುಣ್ಯಾತ್ಮ.”

“ನಾಳೆ ಅಪ್ಪ ಇರಲ್ಲ ಮಾಮ.”

ಮಾಮ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು, ಧೂಳಿಲ್ಲದಿದ್ದರೂ ಒಮ್ಮೆ ಊದಿದರು. ಅವರು ರಕ್ತಸಂಬಂಧಿಯೇನಲ್ಲ. ನೆಲಮಹಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಸತ್ತವನನ್ನು ದಿನಕ್ಕೊಮ್ಮೆಯಾದರೂ ಬೈಯುವ ಹಕ್ಕಿದ್ದ ಒಬ್ಬನೇ ಗೆಳೆಯ.

*

ಒಂಬತ್ತು ಮಹಡಿಯ ಆ ಕಚೇರಿ ಕಟ್ಟಡದಲ್ಲಿ ಎಲ್ಲರೂ ಅವನನ್ನು ‘ಮೇಲೆ-ಕೆಳಗೆ’ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವನು. ಕಿಟಕಿಯಿಲ್ಲದ ಪೆಟ್ಟಿಗೆ, ಒಂದು ಬಲ್ಬು, ಒಂದು ಫ್ಯಾನು, ಒಂದು ಹಿತ್ತಾಳೆ ಹಿಡಿಕೆ. ಹಿಡಿಕೆಯನ್ನು ಆಚೆ ತಿರುಗಿಸಿದರೆ ಮೇಲೆ, ಈಚೆ ತಿರುಗಿಸಿದರೆ ಕೆಳಗೆ, ನಡುವೆ ಬಿಟ್ಟರೆ ಇದ್ದಲ್ಲೇ. ಗುಂಡಿ ಒತ್ತುವ ಹೊಸ ಲಿಫ್ಟ್ ಬಂದಾಗ ಕೆಲಸ ಹೋಯಿತು, ಟೆರೇಸಿನ ಕೋಣೆ ಉಳಿಯಿತು.

ಕಚೇರಿಯವರು ಎಸೆಯಲಿದ್ದ ಲ್ಯಾಪ್‌ಟಾಪನ್ನು ನಾಲ್ಕನೇ ಮಹಡಿಯ ಟೈಪಿಸ್ಟ್ ತಂದುಕೊಟ್ಟಾಗ ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಕೋಣೆಯ ಗೋಡೆಯಲ್ಲಿ ಪ್ಲಗ್ ಇತ್ತು. ಅವನಿಗೆ ಅದು ಬೇಡ.

“ಮೂವತ್ತೊಂದು ವರ್ಷ ಬಲ್ಬಿನ ಕೆಳಗೆ ನಿಂತಿದ್ದೀನಿ ಕಣೋ,” ಎಂದ ರೇಡಿಯೋದವರಿಗೆ. “ಇನ್ಮೇಲೆ ನಂದೆಲ್ಲ ಬಿಸಿಲಲ್ಲೇ.”

“ಸರಿ ಮಾರಾಯ, ಒಂದು ಹೊಸ ಬ್ಯಾಟರಿನಾದ್ರೂ ಇಡು. ಮೋಡ ಬಂದ್ರೆ ಆರಿಹೋಗುತ್ತೆ.”

“ಹೋಗ್ಲಿ. ಆಗ ಮೋಡ ನೋಡ್ತೀನಿ.”

ಮೊದಲ ಮೂರು ತಿಂಗಳು ಬರೀ ಹೊಗೆ. ಬಿಸಿಲೇರಿದರೆ ಪ್ಯಾನೆಲ್ಲಿನ ಕರೆಂಟೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಲ್ಯಾಪ್‌ಟಾಪಿಗೋ ಒಂದೇ ಮಟ್ಟ ಬೇಕು. “ಇದಕ್ಕೆ ಎಲ್ಲಾ ಮಹಡಿ ಆಗಲ್ಲ. ಹತ್ತೊಂಬತ್ತನೇ ವೋಲ್ಟಲ್ಲೇ ಬಾಗಿಲು ತೆಗೀಬೇಕು,” ಎಂದು ತನಗೆ ತಾನೇ ಹೇಳಿಕೊಂಡ. ಆ ಮಟ್ಟ ಕಾಯುವ ಮೂರು ಪುಟ್ಟ ಬೋರ್ಡುಗಳು ಸುಟ್ಟು ಕರಕಲಾಗಿ, ನಾಲ್ಕನೆಯದು ಬಿಸ್ಕತ್ತಿನ ಡಬ್ಬಿಯಲ್ಲಿ ನೆಮ್ಮದಿಯಾಗಿ ಕೂತಿತು. ಪರದೆ ಬೆಳಗಿದ ದಿನ ಒಂಬತ್ತೂ ಮಹಡಿ ಇಳಿದು ಬಂದು ಸುದ್ದಿ ಹೇಳಿದ, ಒಂಬತ್ತೂ ಹತ್ತಿ ಹೋದ. ಗುಂಡಿ ಲಿಫ್ಟಿಗೂ ಅವನಿಗೂ ಮಾತು ಬಿಟ್ಟುಹೋಗಿತ್ತು.

ಅಂದಿನಿಂದ ದಿನವೂ ಬಿಸಿಲಿರುವಷ್ಟು ಹೊತ್ತು ಟೈಪು ಮಾಡುತ್ತಿದ್ದ. ಒಂದು ಸಾಲು, ಒಂದು ಸೇವ್. ಮೋಡ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಪರದೆ ಕಪ್ಪಾದರೆ ಕೈ ಕಟ್ಟಿಕೊಂಡು ಮೇಲೆ ನೋಡುತ್ತ ಕೂರುತ್ತಿದ್ದ. ಮೋಡಗಳು ಯಾವ ಮಹಡಿಯಲ್ಲೂ ನಿಲ್ಲದೆ ಹೋಗುತ್ತಿದ್ದವು.

*

“ಲ್ಯಾಪ್‌ಟಾಪಲ್ಲಿ ಇಸ್ಪೀಟಾಡ್ತೀನಿ ಅಂತ ಅಪ್ಪ ನನಗೆ ಹೇಳ್ತಿದ್ರು,” ಎಂದು ಮಗಳು ಬೆಳಿಗ್ಗೆ ಹೇಳಿದಾಗ ಟೈಪಿಸ್ಟ್ ಅಳುತ್ತಿದ್ದವರು ನಕ್ಕುಬಿಟ್ಟಿದ್ದರು.

“ಇಸ್ಪೀಟಾ? ಲಿಫ್ಟಲ್ಲಿ ಯಾರ್ಯಾರು ಏನೇನು ಮಾತಾಡಿದ್ರೋ ಅದೆಲ್ಲ ಬರೀತಿದ್ರು. ಮಹಡಿಗೊಂದು ಫೈಲು. ಲಿಫ್ಟಿನವನ ಬೆನ್ನಿಗೆ ಕಿವಿ ಇರುತ್ತೆ ಅಂತ ಯಾರಿಗೂ ಹೊಳೆಯಲ್ಲ ಅಂತಿದ್ರು. ನಮ್ಮ ಸಾಹೇಬರಿಗೆ ನಾನು ಹಿಂದಿನಿಂದ ಬೈದದ್ದೂ ಇದೆ. ಟೈಪಿಂಗ್ ಕಲಿಸಿದ್ದಕ್ಕೆ ನನಗೆ ಸಿಕ್ಕಿದ್ದು ಅದು.”

“ಎಂಟನೇ ಮಹಡಿದೂ ಇದೆಯಾ?”

“ಯಾವುದನ್ನ ಬಿಡ್ತಾರೆ ಅವರು?”

ಮಗಳು ಆಗಲೇ ಎದ್ದು ಪ್ಯಾನೆಲ್ ಹುಡುಕಿದ್ದಳು.

*

ಅವಳಿಗಾಗ ಹತ್ತೊಂಬತ್ತು. ಎಂಟನೇ ಮಹಡಿಯ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸಂದರ್ಶನ. ಎಲ್ಲ ಚೆನ್ನಾಗಿಯೇ ಮುಗಿದಿತ್ತು. ಮ್ಯಾನೇಜರು ಲಿಫ್ಟಿನವರೆಗೂ ಜೊತೆಗೆ ಬಂದು, ಲಿಫ್ಟ್ ಕರೆಯುವ ಗಂಟೆ ಒತ್ತಿ, ಅವಳ ಮುಖ ನೋಡಿದರು.

“ಅಲ್ಲ, ಲಿಫ್ಟಿನವನ ಮೂಗು ನಿನ್ನ ಮೂಗು ಒಂದೇ ಅಚ್ಚು. ಅವನು ನಿನಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ ಸಾರ್.”

ಬಾಗಿಲು ತೆರೆದಿತ್ತು. ಆದರೆ ಅದು ತೆರೆದದ್ದು ಅವಳ ಮಾತಿಗೆ ಮೊದಲೋ ಆಮೇಲೋ? ಅಪ್ಪ ಹಿಡಿಕೆಯ ಮೇಲೆ ಕೈಯಿಟ್ಟು ಗೋಡೆ ನೋಡುತ್ತ ನಿಂತಿದ್ದ, ಎಲ್ಲರಿಗೂ ನಿಲ್ಲುವ ಹಾಗೆಯೇ. ಅವಳು ಒಳಗೆ ಬಂದಳು. ಏಳು, ಆರು, ಐದು. ಲಿಫ್ಟ್ ಸಣ್ಣಗೆ ಜಗ್ಗಿ ನಿಂತಿತು.

“ಕರೆಂಟ್ ಹೋಯ್ತು ಅಂತ ಕಾಣುತ್ತೆ,” ಎಂದ ಅಪ್ಪ, ತಿರುಗದೆ.

ಅವಳು ಮೂಲೆಗೆ ಮುಖ ಮಾಡಿ, ಸೆರಗು ಬಾಯಿಗೊತ್ತಿ, ಸದ್ದಿಲ್ಲದೆ ಅತ್ತಳು. ಕೆಳಗೆ ಬಾಗಿಲ ಬಳಿ ಅಮ್ಮ ಕಾಯುತ್ತಿದ್ದಳು. ಲಿಫ್ಟ್ ಮತ್ತೆ ಹೊರಡುವ ಹೊತ್ತಿಗೆ ಕಣ್ಣು ಒಣಗಿತ್ತು. ಸದ್ಯ ಕರೆಂಟ್ ಹೋಯಿತಲ್ಲ ಎಂದುಕೊಂಡಿದ್ದಳು.

ಕೆಲಸ ಸಿಕ್ಕಿತು. ಇಪ್ಪತ್ನಾಲ್ಕು ವರ್ಷ ಕಳೆಯಿತು. ಕೇಳಿಸಿತ್ತೇ ಎಂದು ಕೇಳುವ ಹಾಗಿರಲಿಲ್ಲ. ಕೇಳಿಸಿರದಿದ್ದರೆ ಕೇಳಿದ್ದೇ ತಪ್ಪಾಗುತ್ತಿತ್ತು.

*

ಎರಡೂ ನಲವತ್ತಕ್ಕೆ ಟೆರೇಸಿನ ಮೇಲೆ ಎಲ್ಲರ ನೆರಳೂ ಒಟ್ಟಿಗೆ ಬಿದ್ದವು.

“ಬಂತು. ನನಗೆ ಕೊಡು, ನೀನು ಹೋಗು,” ಎಂದು ಮಾಮ ಪ್ಯಾನೆಲ್ ಹಿಡಿದರು. ಲ್ಯಾಪ್‌ಟಾಪು ನಿಧಾನವಾಗಿ, ನಿದ್ದೆಗಣ್ಣಲ್ಲಿ ಎದ್ದವರ ಹಾಗೆ, ಒಂದೊಂದೇ ಬೆಳಕು ಬಿಟ್ಟಿತು. ಮಗಳು ಮಂಡಿಯೂರಿ ರಟ್ಟಿನ ಪೆಟ್ಟಿಗೆಯೊಳಗೆ ತಲೆ ಹಾಕಿದಳು. ಒಂದರಿಂದ ಒಂಬತ್ತರವರೆಗೆ ಸಾಲಾಗಿ ಫೈಲುಗಳು. ‘ಎಂಟು’ ತೆರೆದಳು.

“ಜೋರಾಗಿ ಓದು,” ಎಂದರು ಮಾಮ. “ಕನ್ನಡಕ ಕೆಳಗೆ ಬಿಟ್ಟು ಬಂದಿದ್ದೀನಿ.”

ಅವಳು ಓದಿದಳು:

“ಎಂಟು. ಒಬ್ಬ ಮ್ಯಾನೇಜರ್, ಒಬ್ಬ ಹುಡುಗಿ. ಅವನು ನಿನಗೇನಾಗಬೇಕು? ಏನೂ ಆಗಬೇಕಿಲ್ಲ ಸಾರ್. ಬಾಗಿಲು ಅರ್ಧ ತೆರೆದಿದ್ದೆ, ಅಲ್ಲೇ ತಡೆದು ಹಿಡಿದೆ. ಮಾತು ಮುಗಿದ ಮೇಲೆ ಪೂರ್ತಿ ತೆಗೆದೆ. ಮೂಗಿನ ವಿಷಯದಲ್ಲಿ ಮ್ಯಾನೇಜರ್ ಹೇಳಿದ್ದು ಸರಿ. ಹುಡುಗಿ ಹೇಳಿದ್ದೂ ಸರಿ, ಕೆಲಸ ಸಿಗಬೇಕಲ್ಲ. ಆದರೆ ಪಾಪ, ಅಳು ಬಂದುಬಿಟ್ಟಿತು. ಕೆಳಗೆ ಅವಳಮ್ಮ ಇದ್ದಾಳೆ. ಐದಕ್ಕೂ ನಾಲ್ಕಕ್ಕೂ ನಡುವೆ ಹಿಡಿಕೆ ಬಿಟ್ಟೆ. ಕರೆಂಟ್ ಹೋಯಿತು ಅಂದೆ. ಬಲ್ಬು ಉರಿಯುತ್ತಲೇ ಇತ್ತು. ಫ್ಯಾನೂ ತಿರುಗುತ್ತಿತ್ತು. ಸದ್ಯ, ಹುಡುಗಿ ತಲೆ ಎತ್ತಲಿಲ್ಲ. ಮೂರು ಮಹಡಿಯವರು ಬಾಗಿಲು ಬಡಿದು ಬೈದರು. ಹನ್ನೊಂದು ನಿಮಿಷ ನಿಲ್ಲಿಸಿದೆ. ಅವಳು ಇಳಿದು ಹೋಗುವಾಗ ನನ್ನ”

ಪರದೆ ಕಪ್ಪಾಯಿತು.

ಮಾಮ ಪ್ಯಾನೆಲ್ಲನ್ನು ಬಲಕ್ಕೆ ವಾಲಿಸಿದರು, ಎಡಕ್ಕೆ ವಾಲಿಸಿದರು. ನೆರಳುಗಳೆಲ್ಲ ನೆಲದೊಳಕ್ಕೆ ಇಂಗಿಹೋಗಿದ್ದವು. ಮಗಳು ಪೆಟ್ಟಿಗೆಯಿಂದ ತಲೆ ಹೊರಗೆ ತೆಗೆಯಲಿಲ್ಲ. ಆ ಬಲ್ಬು ಅವಳಿಗೆ ಈಗ ಕಾಣುತ್ತಿತ್ತು: ಹಳದಿ, ಸುತ್ತ ತಂತಿಯ ಬಲೆ. ಒದ್ದೆ ಕೆನ್ನೆಗೆ ತಣ್ಣಗೆ ತಾಗುತ್ತಿದ್ದ ಫ್ಯಾನಿನ ಗಾಳಿಯೂ.

“ಗಾಡಿ ಬಂತು,” ಎಂದರು ಸೋದರತ್ತೆ ಮೆತ್ತಗೆ.

*

ಗಾಡಿಯ ಡ್ರೈವರು ಸ್ಟ್ರೆಚರ್ ಹಿಡಿದು ಬಂದವನು ಲಿಫ್ಟಿನ ಅಳತೆ ನೋಡಿದ. “ಮಲಗಿಸೋಕಾಗಲ್ಲ. ಕಟ್ಟಿ ನಿಲ್ಲಿಸ್ಕೊಂಡ್ರೆ ಎರಡೇ ನಿಮಿಷ.”

“ಬೇಡಪ್ಪ,” ಎಂದರು ಸೋದರತ್ತೆ. “ಮೂವತ್ತೊಂದು ವರ್ಷ ಅದರಲ್ಲಿ ನಿಂತಿದ್ದೀನಿ, ಸತ್ತ ಮೇಲೂ ನಿಲ್ಲಿಸಬೇಡಿ ಅಂತ ಹೇಳಿಟ್ಟಿದ್ದಾನೆ. ಮೆಟ್ಟಿಲಲ್ಲೇ ಹೋಗೋಣ.”

ತಲೆಯ ಕಡೆ ಮಗಳು ಮತ್ತು ಮಾಮ, ಕಾಲಿನ ಕಡೆ ಡ್ರೈವರು ಮತ್ತು ಟೈಪಿಸ್ಟ್ ಅವರ ಗಂಡ. ಹಿಂದೆ ಟೈಪಿಸ್ಟ್, ಸೋದರತ್ತೆಯ ಕೈ ಹಿಡಿದು. ಎಂಟನೇ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು, ನೋಡಿ, ಪಕ್ಕಕ್ಕೆ ಸರಿದು ನಿಂತರು. ಏಳು. ಆರು. ಐದು.

ಐದನ್ನು ದಾಟಿ ಮೆಟ್ಟಿಲು ತಿರುಗುವ ಕಡೆ ಮಗಳು ನಿಂತಳು.

“ಇಲ್ಲಿ ಸ್ವಲ್ಪ ಇಳಿಸಿ.”

ಇಳಿಸಿದರು. “ಕೈ ಸೋತ್ವಾ ಅಮ್ಮ?” ಎಂದ ಡ್ರೈವರು.

“ಇಲ್ಲ. ಕರೆಂಟ್ ಹೋಯ್ತು ಅಂತ ಕಾಣುತ್ತೆ.”

ಡ್ರೈವರು ತಲೆಯೆತ್ತಿದ. ಅವನ ನೆತ್ತಿಯ ಮೇಲೆಯೇ ಮೆಟ್ಟಿಲಿನ ಬಲ್ಬು ಉರಿಯುತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ರೇಡಿಯೋ ಮಾಮ ಅವನ ಮೊಣಕೈ ಮುಟ್ಟಿ, ತಾವು ಗೋಡೆಯ ಕಡೆ ತಿರುಗಿ ನಿಂತರು. ಟೈಪಿಸ್ಟೂ ಅವರ ಗಂಡನೂ ತಿರುಗಿದರು. ಸೋದರತ್ತೆಯೂ. ಏನೂ ತಿಳಿಯದ ಡ್ರೈವರು ಕೊನೆಗೆ ತಾನೂ ಬೆನ್ನು ಮಾಡಿ, ಕೈ ಕಟ್ಟಿಕೊಂಡು, ಸುಣ್ಣ ಬಳಿದ ಗೋಡೆಯನ್ನೇ ನೋಡುತ್ತ ನಿಂತ.